ಹಿಟ್ಟಿನ ಗಿರಣಿಯ ಶ್ರುತಿ

ನನ್ನ ವಿಡಿಯೋದ ಕೆಳಗೆ ಗುರುತಿಲ್ಲದವರೊಬ್ಬರು ಮೊದಲ ಸಲ ಬರೆದದ್ದು ಹೊಗಳಿಕೆಯೇನಲ್ಲ. 'ಅಕ್ಕಾ, ಮಾತು ಚೆನ್ನಾಗಿದೆ. ಆದರೆ ಹಿಂದೆ ಯಾವಾಗಲೂ ಗುಂಯ್ ಅನ್ನುತ್ತಲ್ಲ, ಅದೇನು?' ಎಂದು ಕೇಳಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. 'ಅದು ನಮ್ಮ ಅತ್ತೆಯ ಹಿಟ್ಟಿನ ಗಿರಣಿ, ಬೇಕಾದರೆ ಕೇಳು, ಬೇಡವಾದರೆ ಬಿಡು' ಎಂದು ಟೈಪ್ ಮಾಡಿದೆ. ಕಳಿಸುವ ಮೊದಲು ಅದನ್ನು ಅಳಿಸಿ, 'ಸರಿಪಡಿಸುತ್ತೇನೆ' ಎಂದು ಬರೆದೆ. ಬರೆದ ಮೇಲೆ ಸರಿಪಡಿಸಬೇಕಲ್ಲ, ಅಲ್ಲಿಂದಲೇ ಎಲ್ಲ ಶುರುವಾಯಿತು.

ನಾನು ಚಿಕ್ಕೋಡಿಯವಳು. ಎರಡು ಸಾವಿರದ ಇಸವಿಯ ನಂತರದ ವರ್ಷಗಳಲ್ಲಿ ಅಲ್ಲಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತು, ಅಲ್ಲೇ ಕಲಿಸಲು ನಿಂತವಳು. ಆಗ ಇಂಟರ್ನೆಟ್ ಅಂದರೆ ಫೋನಿನ ತಂತಿಯಲ್ಲಿ ಕಿರುಚಿಕೊಂಡು ಬರುವ ಪದಾರ್ಥ. ಒಂದು ಹಾಡು ಇಳಿಯಲು ಹಚ್ಚಿ, ಬಸ್‌ಸ್ಟ್ಯಾಂಡಿಗೆ ಹೋಗಿ ಮಿರ್ಚಿ ಭಜಿ ತಿಂದು ಬಂದರೂ ಅದು ಅರ್ಧಕ್ಕೇ ನಿಂತಿರುತ್ತಿತ್ತು. ಹಾಗೆ ಇಳಿಸಿದ ಒಂದು ಫೈಲಿನಲ್ಲಿ ಹಾಡೇ ಇರಲಿಲ್ಲ. ಯಾವುದೋ ದೇಶದ ಹೆಂಗಸೊಬ್ಬಳು ತನ್ನ ಅಡುಗೆಮನೆಯಲ್ಲಿ ಕೂತು ಆ ವಾರ ಮನೆಯಲ್ಲಿ ಏನಾಯಿತೆಂದು ಹೇಳುತ್ತಾ, ಪಿಟೀಲು ಬಾರಿಸುವ ನೆರೆಯವನನ್ನು ಮಾತಾಡಿಸುತ್ತಿದ್ದಳು. ಇದಕ್ಕೆ ಪಾಡ್‌ಕಾಸ್ಟ್ ಅನ್ನುತ್ತಾರೆ ಎಂದು ಕ್ಲಾಸಿನ ಸರ್ ಹೇಳಿದರು. ಅವಳ ಇಂಗ್ಲಿಷು ನನಗೆ ಅರ್ಧ ತಿಳಿಯಲಿಲ್ಲ. ಆದರೆ ಇಷ್ಟೇನಾ, ಇದು ನನಗೂ ಬರುತ್ತದೆ ಅನ್ನಿಸಿತು. ಮಾತಾಡುವುದರಲ್ಲಿ ನಾನು ಯಾರಿಗೂ ಕಡಿಮೆ ಇರಲಿಲ್ಲ, ಇದನ್ನು ನನ್ನ ಗಂಡ ಬೇಕಾದರೆ ಬರೆದುಕೊಡುತ್ತಾರೆ.

ಮನಸ್ಸಿನಲ್ಲಿದ್ದದ್ದು ಕೈಗೆ ಬರಲು ಹತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಮದುವೆಯಾಗಿ ಭೋಜ ಎಂಬ ಊರಿಗೆ ಬಂದಿದ್ದೆ. ಗಂಡ ನಿಪ್ಪಾಣಿಯಲ್ಲಿ ಸುಟ್ಟುಹೋದ ಮೋಟರುಗಳಿಗೆ ಹೊಸ ತಂತಿ ಸುತ್ತುವ ಕೆಲಸದವರು. ಮಾವ ತೀರಿಕೊಂಡು ಬಹಳ ದಿನವಾಗಿತ್ತು. ಮನೆಗೆ ಅಂಟಿಕೊಂಡಿದ್ದ ಗಿರಣಿಯನ್ನು ಅತ್ತೆಯೇ ನಡೆಸುತ್ತಿದ್ದರು. ಒಳ್ಳೆಯ ಕ್ಯಾಮೆರಾದ ಫೋನು ಕೈಗೆ ಬಂದದ್ದೇ, ನಾನು ಗಿರಣಿಯ ಪಕ್ಕದ ಕೋಣೆಯಲ್ಲಿ ಕೂತು ವಾರಕ್ಕೊಂದು ವಿಡಿಯೋ ಮಾಡಿ ಹಾಕತೊಡಗಿದೆ. ಮೊದಲು ನನ್ನ ವಾರದ ಸುದ್ದಿ. ಅಡುಗೆ ಕೆಟ್ಟದ್ದು, ಹೊಸ ಆ್ಯಪ್ ಕಲಿತದ್ದು, ಫೋನು ನೀರಿನ ಬಕೆಟ್ಟಿಗೆ ಬಿದ್ದದ್ದು. ಆಮೇಲೆ ನಮ್ಮ ಸುತ್ತಿನ ಒಬ್ಬ ಹಾಡುವವರ ಅಥವಾ ಬಾರಿಸುವವರ ಜೊತೆ ಮಾತು. ರಾಯಬಾಗದ ಸನಾದಿ ಊದುವವರು, ಕುಡಚಿಯ ತಾಶೆ ಬಡಿಯುವವರು, ಅಥಣಿಯ ತಬಲಾ ಮಾಸ್ತರರು, ಎಲ್ಲರನ್ನೂ ಬಸ್ಸು ಹತ್ತಿಸಿ ಕರೆತಂದು ಕೂರಿಸಿದೆ. ಅರ್ಧ ಕನ್ನಡ, ಅರ್ಧ ಮರಾಠಿ, ಎರಡೂ ತಡವರಿಸಿದಲ್ಲಿ ಚಹಾ. ನೋಡುವವರು ನಲವತ್ತು ಐವತ್ತು ಮಂದಿ ಇದ್ದರು, ಅವರಲ್ಲಿ ಅರ್ಧ ನನ್ನ ತವರಿನವರು.

ಈಗ ಆ ಗುಂಯ್. ಗೋಡೆಯ ಆಚೆ ಗಿರಣಿಯ ಮೋಟರು. ತ್ರೀಫೇಸ್ ಕರೆಂಟು ಬಂದ ಹೊತ್ತಿಗೆ ಅದು ಶುರು, ಹೋದ ಹೊತ್ತಿಗೆ ಬಂದ್. ಅತಿಥಿಗಳು ಬರುವುದೂ ಅದೇ ಹೊತ್ತಿಗೆ. ಒಂದು ದಿನ ನಾನು ಗಿರಣಿಯ ಬಾಗಿಲಲ್ಲಿ ನಿಂತು, ಅರ್ಧ ತಾಸು ಬಂದ್ ಮಾಡ್ರಿ ಎಂದು ಅತ್ತೆಗೆ ಹೇಳಿದೆ. ಗಿರಣಿಯೊಳಗೆ ಮಾತು ಕೇಳಿಸುವುದಿಲ್ಲ, ಒದರಬೇಕು. ನಾನು ಒದರಿದೆ. ಅವರು ಬಾಗಿಲಿನಿಂದ ಬೇವಿನ ಗಿಡದವರೆಗೆ ಸಾಲಾಗಿ ಇಟ್ಟಿದ್ದ ಜೋಳದ ಡಬ್ಬಿಗಳ ಕಡೆ ಕೈ ಮಾಡಿ ತಿರುಗಿ ಒದರಿದರು.

"ಹದಿನಾಲ್ಕ ಡಬ್ಬಿ ಪಾಳಿ ಐತಿ. ಊರ ಮಂದಿ ಇವತ್ತ ರೊಟ್ಟಿ ಬದ್ಲಿ ನಿನ್ನ ವಿಡಿಯೋ ತಿಂತಾರೇನು?"

ಪಾಳಿ ಅಂದರೆ ನಮ್ಮಲ್ಲಿ ದೇವರಿದ್ದ ಹಾಗೆ. ಡಬ್ಬಿ ಇಟ್ಟು ಯಾರು ಬೇಕಾದರೂ ಹೊಲಕ್ಕೆ ಹೋಗಬಹುದು, ಡಬ್ಬಿ ಅವರ ಪರವಾಗಿ ನಿಂತಿರುತ್ತದೆ. ಸಾಹುಕಾರನ ಡಬ್ಬಿಯಾದರೂ ಕೂಲಿಯವಳ ಡಬ್ಬಿಯ ಹಿಂದೆಯೇ. ಅತ್ತೆ ಆ ವಿಷಯದಲ್ಲಿ ಯಾರ ಮಾತನ್ನೂ ಕೇಳಿದವರಲ್ಲ. ನನ್ನ ಪಾಡ್‌ಕಾಸ್ಟಿಗೆ ಡಬ್ಬಿ ಇರಲಿಲ್ಲವಾದ್ದರಿಂದ ಪಾಳಿಯೂ ಇರಲಿಲ್ಲ.

ಗಿರಣಿ ನಿಲ್ಲುವುದಿಲ್ಲವಾದರೆ ಕಂಪ್ಯೂಟರಿನಲ್ಲೇ ಅದನ್ನು ಮುಗಿಸುತ್ತೇನೆ ಎಂದು ಹಟ ಹಿಡಿದೆ. ಸದ್ದು ತೆಗೆಯುವ ಒಂದು ಸಾಫ್ಟ್‌ವೇರ್ ಸಿಕ್ಕಿತು. ಬರೀ ಗುಂಯ್ ಅನ್ನುವ ಒಂದು ತುಣುಕನ್ನು ಅದಕ್ಕೆ ತೋರಿಸಿದರೆ, ಇಡೀ ಫೈಲಿನಿಂದ ಅದೇ ಸದ್ದನ್ನು ಹೆಕ್ಕಿ ತೆಗೆಯುತ್ತದೆ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ. ಮೊದಮೊದಲು ಕಲ್ಲಿನ ಜೊತೆ ಅಕ್ಕಿಯನ್ನೂ ಎಸೆಯುತ್ತಿತ್ತು. ನನ್ನ ದನಿ ಬಾವಿಯೊಳಗಿಂದ ಬಂದಂತಾಗಿ, ಅದನ್ನು ಕೇಳಿ ಗಂಡ ಎರಡು ದಿನ ನಕ್ಕರು. ತಿಂಗಳುಗಟ್ಟಲೆ ತಿಣುಕಿ ಅಳತೆ ಕಲಿತೆ.

ಅಳತೆ ಕಲಿತ ಮೇಲೆ ಪರೀಕ್ಷೆಗೆಂದು ಒಂದು ಬೇಡದ ಫೈಲು ತೆಗೆದುಕೊಂಡೆ. ಅತಿಥಿ ಬರುವುದು ತಡವಾಗಿ, ನಾನು ಚಹಾಕ್ಕೆ ಇಡಲು ಎದ್ದು ಹೋದಾಗ ಫೋನು ಸುಮ್ಮನೆ ಓಡುತ್ತಲೇ ಇದ್ದ ಫೈಲು ಅದು. ಅದರಲ್ಲಿ ಖಾಲಿ ಕುರ್ಚಿ ಮತ್ತು ಗುಂಯ್ ಬಿಟ್ಟರೆ ಏನೂ ಇಲ್ಲ ಅಂದುಕೊಂಡಿದ್ದೆ. ಸದ್ದು ತೆಗೆದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ. ಗುಂಯ್ ಹೋಗಿತ್ತು. ಅದು ಹೋದ ಜಾಗದಲ್ಲಿ ಒಂದು ಹೆಣ್ಣುದನಿ ಹಾಡುತ್ತಿತ್ತು.

ವಿಠೋಬನ ಮೇಲಿನ ಅಭಂಗ. ಅದು ಮುಗಿದದ್ದೇ ತವರನ್ನು ನೆನೆಯುವ ಒಂದು ಕನ್ನಡ ಪದ. ದನಿ ದೊಡ್ಡದೂ ಅಲ್ಲ, ಎಳೆಯದೂ ಅಲ್ಲ. ಎಲ್ಲಿ ಏರಬೇಕೋ ಅಲ್ಲಿ ಅವಸರವಿಲ್ಲದೆ ಏರಿ, ನಿಲ್ಲಬೇಕಾದಲ್ಲಿ ನಿಂತು, ಬೇಕೆಂದಾಗ ಇಳಿಯುತ್ತಿತ್ತು. ಆರು ವರ್ಷ ಆ ಮನೆಯಲ್ಲಿ ಬಾಳಿದ್ದೇನೆ, ಅತ್ತೆ ಹಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಗಿರಣಿಯ ಸದ್ದಿನಲ್ಲಿ ಅವರ ತುಟಿ ಅಲುಗುವುದನ್ನು ನೋಡಿದ್ದೆ, ಲೆಕ್ಕ ಎಣಿಸುತ್ತಾರೆ ಅಂದುಕೊಂಡಿದ್ದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಾನು ಅಥಣಿ, ರಾಯಬಾಗ ಸುತ್ತಿ ಹಾಡುವವರನ್ನು ಹುಡುಕಿದ್ದೆ. ಹೆಡ್‌ಫೋನ್ ತೆಗೆದಿಟ್ಟೆ, ಒಂದು ಸಣ್ಣ ಅಳು ಬಂದುಹೋಯಿತು.

ಆ ಹಾಡನ್ನು ಅತ್ತೆಗೆ ಹಚ್ಚಿ ಕೇಳಿಸಿದೆ. ಅವರು ಕಳ್ಳತನ ಸಿಕ್ಕಿಬಿದ್ದವರ ಹಾಗೆ ಮುಖ ಮಾಡಿದರು.

"ಇದನ್ನ ಅಳಸಿ ಬಿಡು."

"ಯಾಕ್ರಿ ಅತ್ತಿ, ಎಷ್ಟ ಛಂದ ಹಾಡೀರಿ."

"ನಂದು ಬೆಸೂರ ಐತವಾ. ಮಂದಿ ಮುಂದ ಹಾಡೂ ದನಿ ಅಲ್ಲ ಅದು."

ಕೇಳಿ ಕೇಳಿ ಕಡೆಗೆ ಕಥೆ ಹೊರಬಿತ್ತು. ಅವರ ತವರು ಉಗಾರ ಬುದ್ರುಕ, ಅಲ್ಲಿಯೂ ಅಪ್ಪನದು ಹಿಟ್ಟಿನ ಗಿರಣಿ. ಗಿರಣಿಯವರು ಗಿರಣಿಯವರಿಗೇ ಹೆಣ್ಣು ಕೊಟ್ಟಿದ್ದರು. ತವರಿನ ಗಿರಣಿಯಲ್ಲಿ ದಿನವೆಲ್ಲ ಹಾಡಿಕೊಂಡಿದ್ದ ಹುಡುಗಿ ಮದುವೆಯಾಗಿ ಬಂದ ಹೊಸದರಲ್ಲಿ ಭೋಜದ ವಿಠೋಬನ ಗುಡಿಯ ಭಜನೆಯಲ್ಲಿ ಪದ ಎತ್ತಿದಳು. ಪೇಟಿ ಬಾರಿಸುತ್ತಿದ್ದ ಮಾಸ್ತರರು, ಹಾರ್ಮೋನಿಯಮ್ಮಿಗೆ ನಾವು ಪೇಟಿ ಅನ್ನುವುದು, ಎರಡು ಸಾಲಿಗೇ ಬಾರಿಸುವುದು ನಿಲ್ಲಿಸಿ, "ದನಿ ಪೇಟಿಗೆ ಕೂಡವಲ್ದು, ಬೆಸೂರ ಆಗಾಕತ್ತೈತಿ, ಬ್ಯಾರೆ ಯಾರರ ಹಾಡ್ರಿ" ಅಂದರಂತೆ. ತುಂಬಿದ ಗುಡಿ, ಹೊಸ ಸೊಸೆ. ಹೆಂಗಸರ ಸಾಲಿನಲ್ಲಿ ಯಾರೋ, ಕುಣಿಯಲಾರದವಳಿಗೆ ನೆಲ ಡೊಂಕು ಅಂದು ನಕ್ಕರಂತೆ. ಅತ್ತೆ ಅವತ್ತು ಎದ್ದು ಬಂದವರು ಮೂವತ್ತು ವರ್ಷ ಭಜನೆಯಲ್ಲಿ ಕೂತರೂ ಬಾಯಿ ತೆರೆದಿರಲಿಲ್ಲ. ಗಿರಣಿಯಲ್ಲಿ ಯಾರಿಗೂ ಕೇಳಿಸುವುದಿಲ್ಲ, ಅದಕ್ಕೆ ಅಲ್ಲಿ ಮಾತ್ರ ಹಾಡುತ್ತಿದ್ದರು.

ನನಗೆ ಮೈಯೆಲ್ಲ ಉರಿಯಿತು. ಮಾಸ್ತರರ ಮೇಲೆ, ನಕ್ಕವರ ಮೇಲೆ, ಆರು ವರ್ಷ ಕಿವಿಯಿದ್ದೂ ಕಿವುಡಿಯಾಗಿದ್ದ ನನ್ನ ಮೇಲೆ. ಮುಂದಿನ ವಾರ ನಮ್ಮ ಮನೆಯಲ್ಲೇ ಇರುವ ಒಬ್ಬ ಗಾಯಕಿಯನ್ನು ತೋರಿಸುತ್ತೇನೆ ಎಂದು ಅವತ್ತೇ ವಿಡಿಯೋದಲ್ಲಿ ಸಾರಿಬಿಟ್ಟೆ. ಅತ್ತೆಯನ್ನು ಕೇಳಿದ್ದು ಆಮೇಲೆ. ಸಾರಿ ಆಗಿದೆ, ಈಗ ಒಲ್ಲೆ ಅಂದರೆ ನನ್ನ ಮಾನ ಹೋಗುತ್ತದೆ ಎಂದು ಅತ್ತು ಕರೆದು ಒಪ್ಪಿಸಿದೆ.

ಕೋಣೆಯನ್ನು ಸ್ಟುಡಿಯೋ ಮಾಡಿದೆ. ಪ್ರತಿಧ್ವನಿ ಬರಬಾರದೆಂದು ಮನೆಯಲ್ಲಿ ಹೊದೆಯುವ ಕೌದಿಗಳನ್ನೆಲ್ಲ ಗೋಡೆಗೆ ತೂಗುಹಾಕಿದೆ. ಕರೆಂಟು ಇಲ್ಲದ ಹೊತ್ತು ನೋಡಿ, ಗಿರಣಿಯ ಬಾಗಿಲು ಹಾಕಿ, ಗಡಿಯಾರದ ಸೆಲ್ಲನ್ನೂ ಕಿತ್ತಿಟ್ಟೆ. ಸೂಜಿ ಬಿದ್ದರೂ ಕೇಳಬೇಕು, ಅಂಥ ನಿಶ್ಶಬ್ದ. ಅತ್ತೆ ಹೊಸ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಮೈಕಿನ ಮುಂದೆ ಕೂತು ಪದ ಎತ್ತಿದರು.

ದನಿ ಒಂದು ಕಡೆ ನಿಲ್ಲಲೇ ಇಲ್ಲ. ಮೊದಲ ಸಾಲು ಒಂದು ಎತ್ತರ, ಎರಡನೆಯದು ಇನ್ನೊಂದು. ನಡುವೆ ಹುಡುಕುತ್ತಾ ಮೇಲೆ ಹೋದರು, ಬೆದರಿ ಕೆಳಗೆ ಬಂದರು. ಮತ್ತೆ ಶುರು ಮಾಡಿದರು, ಮತ್ತೆ ಅದೇ. ಮೂರನೆಯ ಸಲ ಅರ್ಧಕ್ಕೇ ನಿಲ್ಲಿಸಿ ಎದ್ದರು.

"ಮಾಸ್ತರ ಖರೇನ ಹೇಳಿದ್ದ. ಸುಮ್ಮ ಅವ್ನ ಮ್ಯಾಲ ಸಿಟ್ಟ ಇಟಗೊಂಡಿದ್ದೆ ಇಷ್ಟ ವರ್ಷ."

ಅವರು ಅತ್ತಿದ್ದರೆ ಚೆನ್ನಾಗಿತ್ತು. ಅಳಲಿಲ್ಲ. ಸೀರೆ ಬದಲಿಸಿ, ಕರೆಂಟು ಬಂದಾಗ ಗಿರಣಿಗೆ ಹೋದರು. ನಾನು ಬಾಗಿಲಲ್ಲಿ ನಿಂತು ಅವರ ತುಟಿ ನೋಡಿದೆ, ಅಲುಗಲಿಲ್ಲ. ಮರುದಿನವೂ ಅಲುಗಲಿಲ್ಲ, ಅದರ ಮರುದಿನವೂ ಇಲ್ಲ. ಮೂವತ್ತು ವರ್ಷ ಯಾರಿಗೂ ಕೇಳಿಸದೆ ಉಳಿದಿದ್ದ ಹಾಡನ್ನು ನಾನು ಒಂದು ಮಧ್ಯಾಹ್ನದಲ್ಲಿ ನಿಲ್ಲಿಸಿಬಿಟ್ಟಿದ್ದೆ. ಆ ವಾರ ವಿಡಿಯೋ ಹಾಕಲಿಲ್ಲ. ಯಾರೋ 'ಗಾಯಕಿ ಎಲ್ಲಿ?' ಎಂದು ಕೇಳಿ ಬರೆದದ್ದಕ್ಕೆ ಉತ್ತರಿಸಲೂ ಇಲ್ಲ.

ಆದರೆ ತಲೆಯೊಳಗೆ ಒಂದು ಹುಳ ಕೊರೆಯುತ್ತಿತ್ತು. ಗೋಡೆಯಾಚೆಯ ಆ ಫೈಲಿನಲ್ಲಿ ಅಷ್ಟು ಗಟ್ಟಿಯಾಗಿ ನಿಂತಿದ್ದ ದನಿ ಕೌದಿಯ ಕೋಣೆಯಲ್ಲಿ ಯಾಕೆ ಅಲೆದಾಡಿತು? ರಾಯಬಾಗದ ಸನಾದಿಯವರು ಒಮ್ಮೆ ನನ್ನ ಫೋನಿಗೆ ಶ್ರುತಿ ತೋರಿಸುವ ಒಂದು ಆ್ಯಪ್ ಹಾಕಿಕೊಟ್ಟು ಹೋಗಿದ್ದರು. ದನಿ ಕೇಳಿಸಿದರೆ ಮುಳ್ಳು ಓಡಾಡಿ ಯಾವ ಸ್ವರ ಎಂದು ಹೇಳುತ್ತದೆ. ಹಳೆಯ ಫೈಲನ್ನು ಕಂಪ್ಯೂಟರಿನಲ್ಲಿ ಹಚ್ಚಿ, ಫೋನು ಹತ್ತಿರ ಹಿಡಿದೆ. ಅತ್ತೆ ಷಡ್ಜಕ್ಕೆ ಬಂದು ನಿಂತಾಗಲೆಲ್ಲ ಮುಳ್ಳು ಒಂದೇ ಜಾಗದಲ್ಲಿ ನಿಲ್ಲುತ್ತಿತ್ತು, ಪೇಟಿಯಲ್ಲಿ ಬಿಳಿ ಐದು ಅನ್ನುವ ಐದನೆಯ ಬಿಳಿ ಮನೆಯ ಸ್ವರಕ್ಕಿಂತ ಒಂದು ಕೂದಲು ಮೇಲೆ. ಮೊದಲ ಪದದಲ್ಲೂ ಅಲ್ಲೇ, ಕೊನೆಯ ಪದದಲ್ಲೂ ಅಲ್ಲೇ. ಬೆಸೂರದವರ ಮುಳ್ಳು ಹೀಗೆ ಮೊಳೆ ಹೊಡೆದ ಹಾಗೆ ನಿಲ್ಲುವುದಿಲ್ಲ.

ಅಷ್ಟು ಹೊತ್ತಿಗೆ ಫೈಲು ಮುಗಿಯಿತು. ಕಂಪ್ಯೂಟರು ಸುಮ್ಮನಾಯಿತು. ಮುಳ್ಳು ಮಾತ್ರ ಇಳಿಯಲಿಲ್ಲ. ಅದೇ ಜಾಗದಲ್ಲಿ ನಿಂತೇ ಇತ್ತು. ಅದು ಈಗ ಅತ್ತೆಯನ್ನು ಕೇಳುತ್ತಿರಲಿಲ್ಲ, ಗೋಡೆಯಾಚೆಯ ಮೋಟರನ್ನು ಕೇಳುತ್ತಿತ್ತು.

ನಾನು ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಗಂಡನಿಗೆ ಫೋನು ಮಾಡಿ, ಎಲ್ಲ ಮೋಟರೂ ಒಂದೇ ಶ್ರುತಿಯಲ್ಲಿ ಗುಂಯ್ ಅನ್ನುತ್ತವೆಯೇ ಎಂದು ಕೇಳಿದೆ. ಅವರಿಗೆ ಇದೊಂದು ಪ್ರಶ್ನೆಯೇ ಅಲ್ಲ.

"ಕರೆಂಟ್ ಎಲ್ಲಾ ಕಡೆ ಒಂದ ಅಲ್ಲೇನು. ಇಲ್ಲಿದೂ ಹಂಗ ಅಂತೈತಿ, ಉಗಾರದ್ದೂ ಹಂಗ ಅಂತೈತಿ. ಯಾಕ, ಏನ ಸುಟ್ಟಿ?"

ಏನೂ ಸುಟ್ಟಿರಲಿಲ್ಲ. ಹುಟ್ಟಿದಾಗಿನಿಂದ ಅತ್ತೆಯ ತಂಬೂರಿ ಆ ಮೋಟರು. ತವರಿನಲ್ಲೂ ಅದೇ, ಇಲ್ಲೂ ಅದೇ. ಗುಡಿಯ ಪೇಟಿ ಅದಕ್ಕಿಂತ ಕೂದಲಷ್ಟು ಕೆಳಗಿತ್ತು, ಅವರು ತಮ್ಮ ಶ್ರುತಿ ಬಿಟ್ಟಿರಲಿಲ್ಲ. ನಾನಾದರೂ ಮಹಾ ಜಾಣೆ, ತಂಬೂರಿಯನ್ನು ಬಂದ್ ಮಾಡಿ, ಕೌದಿ ಹೊದಿಸಿ, ಹಾಡ್ರಿ ಅಂದಿದ್ದೆ.

ಗಿರಣಿಗೆ ಓಡಿದೆ. ಅತ್ತೆಯ ರೆಪ್ಪೆಯ ಮೇಲೂ ಹಿಟ್ಟು ಕೂತಿತ್ತು. ಅವರ ಕಿವಿಗೆ ಬಾಯಿ ಹಚ್ಚಿ ಎಲ್ಲವನ್ನೂ ಒದರಿ ಹೇಳಿದೆ. ಕೊನೆಗೆ, "ತಪ್ಪ ನಂದ ಐತ್ರಿ ಅತ್ತಿ. ನಿಮ್ಮ ದನೀದಲ್ಲ" ಅಂದೆ. ಅವರು ಫೋನಿನ ಮುಳ್ಳನ್ನೂ ಮೋಟರನ್ನೂ ಒಮ್ಮೆ ನೋಡಿ, ಮುಂದಿನ ಡಬ್ಬಿಯನ್ನು ಗಿರಣಿಯ ಬಾಯಿಗೆ ಸುರಿದರು. ನಾನು ಫೋನನ್ನು ಅವರ ಎದುರಿನ ಗೂಡಿನಲ್ಲಿ ಇಟ್ಟು, ಒಂದು ಮೂಲೆಯಲ್ಲಿ ಕೂತೆ. ಎರಡು ಡಬ್ಬಿ ಆಯಿತು. ಮೂರನೆಯದಕ್ಕೆ ತುಟಿ ಅಲುಗಿತು. ಅವರು ವಾರೆಗಣ್ಣಿನಿಂದ ಮುಳ್ಳು ನೋಡುತ್ತಲೇ ಹಾಡಿದರು. ಷಡ್ಜಕ್ಕೆ ಬಂದಾಗಲೆಲ್ಲ ಅದು ಅದೇ ಜಾಗಕ್ಕೆ ಬಂದು ನಿಂತಿತು. ಪದ ಮುಗಿಯುವ ಹೊತ್ತಿಗೆ ಅವರು ನೋಡುವುದನ್ನು ಬಿಟ್ಟಿದ್ದರು. ನಾನು ಮೂಲೆಯಲ್ಲಿ ಕೂತು, ಗೆದ್ದೆವು ಗೆದ್ದೆವು ಎಂದು ನನ್ನ ತೊಡೆಯನ್ನು ನಾನೇ ಗುದ್ದಿಕೊಂಡೆ.

ಮರುದಿನ ಗಿರಣಿಯೊಳಗೇ ವಿಡಿಯೋ ಮಾಡಿದೆವು. ಸೀರೆ ಬದಲಿಸಲು ಅವರು ಒಪ್ಪಲಿಲ್ಲ, ಹಿಟ್ಟಿನ ಮೈಯಲ್ಲೇ ಹಾಡುತ್ತೇನೆ ಅಂದರು. ಸಣ್ಣ ಮೈಕನ್ನು ಅವರ ಸೆರಗಿಗೆ, ಬಾಯಿಯ ಹತ್ತಿರವೇ ಸಿಕ್ಕಿಸಿದೆ. ಆಮೇಲೆ ಕಂಪ್ಯೂಟರಿನಲ್ಲಿ ಬೆಲ್ಟಿನ ಪಟಪಟ, ಬೀಸುವ ಕಲ್ಲಿನ ಗರಗರ ಎಲ್ಲ ತೆಗೆದೆ, ಮೋಟರಿನ ಗುಂಯ್ ಮಾತ್ರ ಶ್ರುತಿಯಾಗಿ ಉಳಿಸಿದೆ. ಹಾಕಿದ ಎರಡೇ ವಾರಕ್ಕೆ ಅದು ನನ್ನ ಕೈ ಮೀರಿ ಹೋಯಿತು. ನಿಪ್ಪಾಣಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬುವ ಅಂಗಡಿಯವರು ಅದನ್ನು ತುಂಬಿಕೊಡುತ್ತಿದ್ದರು. ಕಾಗವಾಡದ ಕಡೆಯ ಟೆಂಪೋದಲ್ಲಿ ಕೇಳಿದೆ ಎಂದು ಗಂಡ ಬಂದು ಹೇಳಿದರು.

ಹಾಗೆ ಒಂದು ದಿನ ಯಾರದೋ ಫೋನಿನಿಂದ ಅದು ಮಾಸ್ತರರ ಕಿವಿಗೂ ಬಿತ್ತು. ಎಪ್ಪತ್ತು ದಾಟಿದ ಮನುಷ್ಯ, ಇನ್ನೂ ಗುಡಿಯ ಪೇಟಿ ಅವರ ಕೈಯಲ್ಲೇ. ಸೈಕಲ್ಲಿನ ಹಿಂದೆ ಪೇಟಿ ಕಟ್ಟಿಕೊಂಡು, ತಳ್ಳಿಕೊಂಡು ಗಿರಣಿಯ ಮುಂದೆ ಬಂದು ನಿಂತರು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೆ, ಹೇಳಬೇಕಾದ ಮಾತುಗಳನ್ನು ವಾರಗಟ್ಟಲೆ ಮಸೆದು ಇಟ್ಟಿದ್ದೆ. ಅತ್ತೆ ನನಗೆ ಅವಕಾಶ ಕೊಡಲಿಲ್ಲ.

"ವೈನಿ, ನಿಮ್ಮ ಸಂಗಾಟ ಒಂದ ಪದ ಬಾರಿಸಿ ನೋಡಬೇಕಂತ ಬಂದೆ" ಅಂದರು ಮಾಸ್ತರರು, ಅತ್ತಿಗೆಗೆ ನಮ್ಮಲ್ಲಿ ವೈನಿ ಅನ್ನುವುದು.

"ಪಾಳಿ ಐತ್ರಿ ಮಾಸ್ತರ" ಅಂದರು ಅತ್ತೆ. "ಪೇಟಿ ಹಚ್ಚಿ ಕುಂದರ್ರಿ."

ಮಾಸ್ತರರು ಸೈಕಲ್ಲಿನಿಂದ ಪೇಟಿಯನ್ನು ಬಿಚ್ಚಿ, ಒಂಬತ್ತು ಡಬ್ಬಿಗಳ ಹಿಂದೆ ಹತ್ತನೆಯದಾಗಿ ಇಟ್ಟು, ಬೇವಿನ ಗಿಡದ ಕೆಳಗೆ ಕೂತರು. ಒಂದೊಂದು ಡಬ್ಬಿ ಮುಗಿದಾಗಲೂ ಎದ್ದು ಪೇಟಿಯನ್ನು ಒಂದು ಗೇಣು ಮುಂದಕ್ಕೆ ಜರುಗಿಸಿದರು. ನನ್ನ ಮಸೆದ ಮಾತುಗಳೆಲ್ಲ ಅಷ್ಟರಲ್ಲಿ ತಣ್ಣಗಾದವು. ಅತ್ತೆ ನನಗಿಂತ ಚೆನ್ನಾಗಿ ಹೇಳಿದ್ದರು.

ಪಾಳಿ ಬಂದಾಗ ಮಾಸ್ತರರು ಮೋಟರಿನ ಹತ್ತಿರ ಕೂತು ಬಿಳಿ ಐದು ಒತ್ತಿದರು, ಕೆಳಗಾಯಿತು. ಅದರ ಮೇಲಿನ ಕರಿ ನಾಲ್ಕು ಒತ್ತಿದರು, ಬಹಳ ಮೇಲಾಯಿತು. ಕಣ್ಣು ಮುಚ್ಚಿ ಬಹಳ ಹೊತ್ತು ಮೋಟರನ್ನೇ ಕೇಳಿದರು.

"ನನ್ನ ಕಿವಿ ಪೇಟಿ ಹೇಳಿದ್ದಷ್ಟ ಕೇಳಿತ್ತ ಆವತ್ತ" ಅಂದರು. "ತಪ್ಪಾತ್ರಿ ವೈನಿ." ಆಮೇಲೆ ನನ್ನ ಕಡೆ ತಿರುಗಿ, "ಈ ಮೋಟರ್ ಒಂದೀಟ ಇಳಸಾಕ ಬರತೈತೇನ?" ಎಂದು ಕೇಳಿದರು.

"ಮೋಟರ್ ಇಳೀಬೇಕಂದ್ರ ಇಡೀ ರಾಜ್ಯದ ಕರೆಂಟ್ ಇಳಸಬೇಕ್ರಿ ಮಾಸ್ತರ."

"ಹಂಗಾರ ಪೇಟಿನ ಏರಸೂಣು."

ಪೇಟಿಯ ಒಳಗೆ ಒಂದೊಂದು ಸ್ವರಕ್ಕೂ ಒಂದೊಂದು ಹಿತ್ತಾಳೆಯ ನಾಲಿಗೆ ಇರುತ್ತದೆ. ಅದರ ತುದಿಯನ್ನು ತುಸು ಕೆರೆದರೆ ಸ್ವರ ಏರುತ್ತದೆ, ಹೆಚ್ಚು ಕೆರೆದರೆ ನಾಲಿಗೆ ಕೆಟ್ಟಿತು. ಮಾಸ್ತರರು ಆ ಪೇಟಿಯನ್ನು ಬೇರೆಯವರಿಗೆ ಮುಟ್ಟಲೂ ಕೊಟ್ಟವರಲ್ಲ. ಗುಡಿಯ ಪೇಟಿ ಒಬ್ಬಳ ದನಿಗೆ ಕೆರೆಯುವುದೇ ಎಂದು ಭಜನಾ ಮಂಡಳಿಯ ಇಬ್ಬರು ಬಂದು ತಕರಾರು ತೆಗೆದಾಗ, "ವಿಠೋಬಗ ಸೇರಲಿಲ್ಲಂದ್ರ ನನಗ ಹೇಳ್ತಾನ, ನೀವ ಹೋಗ್ರಿ" ಅಂದರು. ನಾಲ್ಕು ದಿನ ಬಂದು, ಪ್ರತಿ ದಿನವೂ ಪಾಳಿ ಹಚ್ಚಿ, ಮೋಟರಿನ ಪಕ್ಕದಲ್ಲಿ ಪೇಟಿ ಬಿಚ್ಚಿಕೊಂಡು ಕೂತು ಒಂದೊಂದೇ ನಾಲಿಗೆ ಕೆರೆದರು. ಕೆರೆದು, ಊದಿ, ಒತ್ತಿ, ಅತ್ತೆಯ ಮುಖ ನೋಡುವರು. ಅತ್ತೆ ಡಬ್ಬಿ ಸುರಿಯುತ್ತಲೇ, ಇನ್ನೂ ಏರಲಿ ಎಂದು ಹೆಬ್ಬೆರಳು ಮೇಲೆ ಮಾಡುವರು, ಸಾಕು ಅನ್ನಿಸಿದಾಗ ಅಂಗೈ ತೋರುವರು. ನಾನು ಅದನ್ನೆಲ್ಲ ವಿಡಿಯೋ ಮಾಡಿದೆ. ಇವತ್ತಿಗೂ ನನ್ನ ಚಾನೆಲ್ಲಿನಲ್ಲಿ ಜನ ಹೆಚ್ಚು ನೋಡಿದ್ದು ಅದೇ. ಒಂದು ಮಾತೂ ಇಲ್ಲದ ವಿಡಿಯೋ, ನನ್ನಂಥ ಬಾಯಿಬಡಕಿಯದು.

ಏಕಾದಶಿಯ ಮಧ್ಯಾಹ್ನ ಗುಡಿ ತುಂಬಿತ್ತು. ಅತ್ತೆ ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದರು. ಮಾಸ್ತರರು ಪೇಟಿಯ ಬಿಳಿ ಐದು ಒತ್ತಿ ಹಿಡಿದು, "ವೈನಿ, ಬರ್ರಿ ಮುಂದ" ಅಂದರು. ಅಲ್ಲಿ ಮೋಟರಿರಲಿಲ್ಲ, ಅದರ ಸ್ವರ ಮಾತ್ರ ಇತ್ತು. ಅತ್ತೆ ಮುಂದೆ ಹೋಗಿ ಕೂತು, ಆ ಸ್ವರವನ್ನು ಒಂದು ಗಳಿಗೆ ಕೇಳಿ, ಪದ ಎತ್ತಿದರು.

ನಾನು ಫೋನು ಹಿಡಿದು ಕಂಬಕ್ಕೆ ಒರಗಿ ನಿಂತಿದ್ದೆ. ಫೋನು ಮರೆತು ಅತ್ತೆಯನ್ನೇ ನೋಡುತ್ತಿದ್ದೆ, ಅರ್ಧ ವಿಡಿಯೋ ಗುಡಿಯ ಛಾವಣಿಯದೇ ಆಗಿದೆ, ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ದನಿ ಕಂಬದಿಂದ ಕಂಬಕ್ಕೆ ತುಂಬಿತು. ಎರಡನೆಯ ಸಾಲಿಗೆ ತಾಳದವರು ನೆಟ್ಟಗಾದರು. ಮೂರನೆಯದಕ್ಕೆ ಹೆಂಗಸರು ಹಿಂದಿನಿಂದ ದನಿಗೂಡಿಸಿದರು. ಪದ ಮುಗಿದಾಗ ಅತ್ತೆ ತಲೆ ಎತ್ತಿ ಯಾರನ್ನೂ ನೋಡಲಿಲ್ಲ, ಉಸಿರು ತೆಗೆದುಕೊಂಡು ಇನ್ನೊಂದು ಎತ್ತಿದರು. ಅದಾದ ಮೇಲೆ ಮತ್ತೊಂದು. ಅಭಂಗ ಆಯಿತು, ತವರಿನ ಪದ ಆಯಿತು, ನಾನು ಕೇಳೇ ಇರದ ಐದಾರು ಆದವು. ಮಾಸ್ತರರ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಬೆರಳು ಮಾತ್ರ ಬಿಡಲಿಲ್ಲ.

ಕೊನೆಗೆ ಮಂಡಳಿಯವರೊಬ್ಬರು ಹತ್ತಿರ ಬಂದು ಬಗ್ಗಿ, "ಅಕ್ಕಾರ, ಚಹಾ ಆಗೈತ್ರಿ. ಒಂದೀಟ ದಣಿವಾರಿಸ್ಕೊಳ್ರಿ, ಬ್ಯಾರೇದವರೂ ಹಾಡ್ತಾರ" ಅಂದರು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಮಾಸ್ತರರಿಗೆ ಮುಂದಿನ ಪದಕ್ಕೆ ಕೈ ಮಾಡಿದರು.

"ಅವರು ನಾಳೆ ಹಾಡ್ಲಿ" ಅಂದರು. "ನಂದು ಮೂವತ್ತ ವರ್ಷದ ಪಾಳಿ ಬಾಕಿ ಐತಿ."